ಉಡಿಯೊಳಗಿನ ಮೀನು

ಆ ದಿನಗಳಲ್ಲಿ ನಮ್ಮ ಕಡೆ ಸಂಕ್ರಾಂತಿಗೆ ಕಾಲುವೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ವರ್ಷವಿಡೀ ಅದೇ ಕಾಲುವೆಯಲ್ಲಿ ಬಟ್ಟೆ ಒಗೆದು, ಎಮ್ಮೆ ತೊಳೆದು, ಅದೇ ನೀರಿನ ಅಕ್ಕಿ ಉಂಡರೂ ಸಂಕ್ರಾಂತಿಯ ದಿನ ಮೈಗೆ ಹೊಳೆಯ ನೀರೇ ಆಗಬೇಕು. ಎಳ್ಳು ಅರೆದು, ಅರಿಷಿಣ ಕಲಸಿ, ಮೈಗೆ ಹಚ್ಚಿಕೊಂಡು ಹೊಳೆಗೆ ಇಳಿಯಬೇಕು. ದಂಡೆಯ ಮೇಲೆ ಬುತ್ತಿ ಬಿಚ್ಚಬೇಕು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಗೆ ಅಂಟಿಕೊಂಡಿದ್ದ ನಮ್ಮೂರಿನಲ್ಲಿ ಯಾರು ಯಾವ ಹೊಳೆಗೆ, ಎಷ್ಟು ದೂರದ ಹೊಳೆಗೆ ಹೋದರು ಎಂಬುದು ಯುಗಾದಿಯವರೆಗೂ ಕಟ್ಟೆಯ ಮಾತಾಗಿರುತ್ತಿತ್ತು.

ಒಂದು ವರ್ಷ ನಾವು ಆನೆಗುಂದಿಗೆ ಹೋದೆವು.

ಆ ದಿನದ ಬಗ್ಗೆ ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಮದುವೆ ಮನೆಗಳಲ್ಲಿ, ಕರೆಂಟು ಹೋದಾಗ, ಹೊಸ ನೆಂಟರು ಊಟಕ್ಕೆ ಕೂತಾಗ ಅದನ್ನು ಹೇಳಿ ನಗುತ್ತೇವೆ. ನಾನು ಚೆನ್ನಾಗಿ ಹೇಳುತ್ತೇನೆ ಎಂದು ಹೆಸರು. ಮೀನಿನ ಬಾಲ ಬಡಿದದ್ದನ್ನು ಕೈಯಲ್ಲಿ ತೋರಿಸುತ್ತೇನೆ. ತೆಂಗಿನಕಾಯಿ ಕಲ್ಲಿನ ಮೇಲೆ ಉರುಳಿದ ಸಪ್ಪಳವನ್ನು ಬಾಯಲ್ಲಿ ತೆಗೆಯುತ್ತೇನೆ. ಎಲ್ಲರೂ ನಗುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ದಿನ ಅಲ್ಲಿಗೆ ಮುಗಿದಿರಲಿಲ್ಲ. ಹೇಳಿ ಹೇಳಿ ಇಷ್ಟು ನುಣುಪಾಗಿರುವ ಕಥೆಯ ಮೇಲೆ ನನಗೆ ಈಚೆಗೆ ನಂಬಿಕೆ ಹೋಗಿದೆ. ಅದಕ್ಕೇ ಈ ಸಲ ನಗುವಿಗಿಂತ ಹಿಂದಿನದನ್ನೂ ಅದರ ಆಚೆಯದನ್ನೂ ಬರೆಯಲು ನೋಡುತ್ತೇನೆ.

ಕಥೆಯಲ್ಲಿ ಬರುವ ಮುದುಕಿಯನ್ನು ನಾವು ದಿದ್ದೆಮ್ಮ ಎನ್ನುತ್ತಿದ್ದೆವು. ಅವಳ ಮೊಮ್ಮಕ್ಕಳು ಅವಳನ್ನು 'ದಿದಿಮಾ' ಎಂದು ಕರೆಯುತ್ತಿದ್ದರು, ನಮ್ಮ ಓಣಿಯ ಬಾಯಲ್ಲಿ ಅದು ಹೀಗಾಯಿತು. ಆರ್.ಎಚ್. ಕ್ಯಾಂಪಿನವಳು. ಬಂಗಾಲದ ಆಚೆಯಿಂದ ಎಲ್ಲ ಬಿಟ್ಟು ಬಂದವರಿಗೆ ಸರಕಾರ ಜಮೀನು ಕೊಟ್ಟು ಕೂರಿಸಿದ ಕ್ಯಾಂಪು ಅದು. ಅವಳ ಮಗ ನಮ್ಮ ಹೊಲದ ಬದುವಿನಾಚೆ ಭತ್ತ ಬೆಳೆಯುತ್ತಿದ್ದ. ಆ ಚಳಿಗಾಲ ಪೂರ್ತಿ ದಿದ್ದೆಮ್ಮ ಮಧ್ಯಾಹ್ನದ ಹೊತ್ತು ಮಗನ ಸೈಕಲ್ಲಿನ ಹಿಂದೆ ಕೂತು ನಮ್ಮ ಮನೆಗೆ ಬರುತ್ತಿದ್ದಳು, ಕೌದಿ ಹೊಲಿಯಲು.

ಅಕ್ಕ ಗಿರಿಜಾಳ ಮದುವೆ ಲಿಂಗಸುಗೂರಿನ ಮನೆತನದೊಂದಿಗೆ ಮಾತಾಗಿತ್ತು. ನಿಶ್ಚಯವಿನ್ನೂ ಆಗಿರಲಿಲ್ಲ. ಮದುವೆಯ ಗಂಟಿನಲ್ಲಿ ಹೊಸ ಕೌದಿ ಇರಲೇಬೇಕು. ಅವ್ವ ಹಳೆಯ ಸೀರೆಗಳನ್ನು ಅಂಗಳದಲ್ಲಿ ಪದರ ಪದರವಾಗಿ ಹಾಸಿ ಒಂದು ಅಂಚಿನಿಂದ ಹೊಲಿಯುತ್ತಾ ಬರುತ್ತಿದ್ದಳು, ದಿದ್ದೆಮ್ಮ ಎದುರಿನ ಅಂಚಿನಿಂದ. ಹಳೆಯ ಸೀರೆಗಳಿಂದ ಟ್ರಂಕಿನ, ನುಸಿಗುಳಿಗೆಯ ವಾಸನೆ ಬರುತ್ತಿತ್ತು. ದಿದ್ದೆಮ್ಮನ ಬೆರಳಿನಿಂದ ಬೂದಿಯ ವಾಸನೆ. ನಾವು ಲಿಂಗ ಕಟ್ಟಿದವರು ಎಂದು ಗೊತ್ತಿದ್ದರಿಂದ ಅವಳು ಕ್ಯಾಂಪಿನಿಂದ ಹೊರಡುವ ಮೊದಲು ಮೀನು ಮುಟ್ಟಿದ ಕೈಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಬರುತ್ತಿದ್ದಳು. ಹಾಗೆ ಮಾಡೆಂದು ಅವ್ವ ಯಾವತ್ತೂ ಹೇಳಿರಲಿಲ್ಲ.

ಅವರಿಬ್ಬರ ಹೊಲಿಗೆಯ ಜಗಳವೇ ನನಗೆ ಆಟ.

"ದಿದ್ದೆಮ್ಮ, ಇಷ್ಟು ಸಣ್ಣ ಟಾಕಿ ಹಾಕಿದ್ರ ಗಿರಿಜಾನ ಮೊಮ್ಮಗಳ ಮದುವಿಗೆ ಕೌದಿ ಮುಗೀತೈತಿ ನೋಡು."

"ನಿಂದು ಟಾಕಿ ಅಲ್ಲ, ಬೇಲಿ ಗೂಟ. ಆಡು ಬಂದು ಹೋಗ್ತೈತಿ ನಡುವ."

"ಆಡು ಬರಲಿ ತಗೋ, ಬೆಚ್ಚಗ ಮಲಗತೈತಿ."

ನನ್ನನ್ನು ಅವಳು 'ಪಾಗ್ಲಿ' ಎನ್ನುತ್ತಿದ್ದಳು. ಹುಚ್ಚಿ ಅಂತ ಅರ್ಥ, ಮುದ್ದಿನ ಮಾತು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಅದಕ್ಕೆ ಅವಳು ಸೆರಗಿನ ಗಂಟಿನಿಂದ ಮಂಡಕ್ಕಿ ತೆಗೆದು ಕೊಡುತ್ತಿದ್ದಳು. ಕೌದಿಯ ಒಂದು ಮೂಲೆ ಮಾತ್ರ ಉಳಿದಾಗ ಸಂಕ್ರಾಂತಿ ಬಂತು. ನಮ್ಮಲ್ಲಿ ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ದಿದ್ದೆಮ್ಮ ರೊಟ್ಟಿಯ ಜೊತೆಗೆ ಭತ್ತದ ಕಾಳೂ ಇರಲಿ ಎಂದಳು. ಹಬ್ಬ ಮುಗಿಸಿ ಬಂದು ಇಬ್ಬರೂ ಕೂಡಿಯೇ ಮುಚ್ಚೋಣ ಎಂದು ಮಾತಾಯಿತು.

ಅವಳನ್ನು ಆನೆಗುಂದಿಗೆ ಕರೆದವಳು ಅವ್ವನೇ. ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ, ಏಕೆಂದರೆ ಆಗ ನನ್ನ ಬಾಯಲ್ಲಿ ದಾರದ ತುದಿ ಇತ್ತು.

"ಹೊಳಿ ನೋಡೀಯಂತ ಬಾ. ಲಿಂಗಸುಗೂರಿನ ಬೀಗತಿನೂ ಬರ್ತಾರ, ಗಿರಿಜಾಗ ಉಡಿ ತುಂಬಾಕ. ನೀನೂ ಮನಿ ಮಂದಿಯಂಗ ಇದ್ದಿ."

ದಿದ್ದೆಮ್ಮ ಸೂಜಿ ನಿಲ್ಲಿಸಿದಳು. "ಹೊಳಿ? ಹರಿಯೋ ಹೊಳಿ?"

"ಹರಿಯೋದs ಮತ್ತ! ನಿಂತಿದ್ದಕ್ಕ ಹೊಳಿ ಅಂತಾರೇನು?"

ಈ ಕಡೆ ಬಂದ ಮೇಲೆ ಅವಳು ಕಾಲುವೆ ಬಿಟ್ಟು ಬೇರೆ ನೀರು ನೋಡಿರಲಿಲ್ಲ.

ಬೆಳಗಾಗುವ ಮುಂಚೆಯೇ ಅಪ್ಪ ಟ್ರ್ಯಾಕ್ಟರ್ ಹೊರಡಿಸಿದ. ಟ್ರೇಲರಿನಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಕುಂಬಳಕಾಯಿ ಪಲ್ಯ, ಗಡಿಗೆಯಲ್ಲಿ ಮೊಸರು. ಕ್ಯಾಂಪಿನ ಅಡ್ಡರಸ್ತೆಯಲ್ಲಿ ದಿದ್ದೆಮ್ಮ ಬಿಳಿ ಸೀರೆಯಲ್ಲಿ ಕಾಯುತ್ತಾ ನಿಂತಿದ್ದಳು. ಕೈಯಲ್ಲಿ ಒಂದು ಡಬ್ಬಿ, ಒಂದು ಪುಟ್ಟ ಗಂಟು. ಡಬ್ಬಿಯಲ್ಲಿ ಪಿಠೆ. ನಮ್ಮ ಕಡುಬಿನ ಹಾಗೆಯೇ, ಹೊಸ ಅಕ್ಕಿ ಹಿಟ್ಟಿನೊಳಗೆ ಕೊಬ್ಬರಿ ಬೆಲ್ಲ. ಗಂಟಿನಲ್ಲಿ ಅವಳ ಗದ್ದೆಯ ಹೊಸ ಅಕ್ಕಿ.

"ಇದು ಹೊಳಿಗೆ. ಹೊಸಾ ಅಕ್ಕಿ ಹೊಳಿಗೆ ಕೊಡಬೇಕು ಮೊದಲು," ಎಂದು ಗಂಟನ್ನು ಅವ್ವನ ಕೈಗೆ ಕೊಟ್ಟಳು. ಅವ್ವ ಅದನ್ನು ಬುತ್ತಿಯ ಚೀಲದಲ್ಲಿ ಇಟ್ಟುಕೊಂಡಳು. ಕಾರಟಗಿ ದಾಟುವವರೆಗೂ ನಾನು ದಿದ್ದೆಮ್ಮನ ಸೆರಗಿನೊಳಗೇ ಇದ್ದೆ. ಬೆಲ್ಲದ ವಾಸನೆ, ಡೀಸೆಲ್ಲಿನ ವಾಸನೆ, ಬೂದಿಯ ವಾಸನೆ. ಇವತ್ತು ಅವಳು ಕೈಯನ್ನು ಇನ್ನೂ ಹೆಚ್ಚು ತಿಕ್ಕಿಕೊಂಡಿದ್ದಳು.

ಆನೆಗುಂದಿ ಬರುವ ಮೊದಲೇ ಬಂಡೆಗಳು ಬಂದವು. ಒಂದರ ಮೇಲೊಂದು, ಯಾರೋ ಜೋಡಿಸಿ ಮರೆತುಹೋದಂತೆ. ಆಮೇಲೆ ಕೋಟೆಯ ಬಾಗಿಲು, ರಂಗನಾಥನ ಗುಡಿ, ಅದರೆದುರಿಗೆ ಅರಮನೆ. ಬಾಗಿಲಿಗೆ ಬೀಗ. ಕಿಟಕಿಯ ಸಂದಿಯಿಂದ ನೋಡಿದರೆ ಕತ್ತಲು, ಬಾವಲಿಯ ವಾಸನೆ. ನನಗೆ ಅಳು ಬರುವಷ್ಟು ನಿರಾಸೆಯಾಯಿತು; ಅರಮನೆ ಅಂದರೆ ಒಳಗೆ ದೀಪ ಇರುತ್ತದೆ ಎಂದುಕೊಂಡಿದ್ದೆ.

"ಇಲ್ಲೇ ಹುಟ್ಟಿದ್ರವ್ವಾ ರಾಜರು," ಎಂದ ಅಪ್ಪ. "ಹುಟ್ಟಿ, ಹೊಳಿ ದಾಟಿ ಆ ದಂಡಿಗೆ ಹೋಗಿ ದೊಡ್ಡವರಾದ್ರು. ದೊಡ್ಡವರಾದ ಮ್ಯಾಲೆ ಈ ಕಡೆ ಯಾರ ನೋಡ್ತಾರ?"

ಅರಮನೆಯ ಕಟ್ಟೆಯ ಮೇಲೆ ನಾನು ರಾಣಿಯಾಗಿ ಕೂತು ಎಲ್ಲರಿಗೂ ಕೆಲಸ ಹಂಚಿದೆ. ಅಪ್ಪ ದಂಡನಾಯಕ. ಅಕ್ಕ ರಾಜಕುಮಾರಿ, ಆದರೆ ಬೀಗತಿ ಬರುವ ಹೊತ್ತಾಯಿತೆಂದು ಅವಳು ಸೀರೆಯ ನಿರಿಗೆ ಬಿಟ್ಟು ಕೈ ತೆಗೆಯಲಿಲ್ಲ. "ದಿದ್ದೆಮ್ಮ, ನೀ ಏನಾಗ್ತಿ?" ಎಂದೆ.

"ನನಗ ಅರಮನಿ ಬ್ಯಾಡ ಪಾಗ್ಲಿ. ಹೊಳಿ ಎಲ್ಲೈತಿ?"

ಹೊಳೆ ಕಂಡಾಗ ಅವಳು ಏನು ಮಾಡಿದಳು ಎಂಬುದಕ್ಕೆ ನಮ್ಮ ಮನೆಯಲ್ಲಿ ಬೇರೆಬೇರೆ ಉತ್ತರಗಳಿವೆ. ಅತ್ತಳು ಎನ್ನುತ್ತಾಳೆ ಅಕ್ಕ. ಅವ್ವ ಇದ್ದಾಗ, ಅವಳು ನೀರಿಗೆ ಏನೋ ಬೈದಳು ಎನ್ನುತ್ತಿದ್ದಳು. ನನ್ನ ಕಣ್ಣಿಗೆ ಕಾಣುವುದು ಇಷ್ಟು: ಚಪ್ಪಲಿಯನ್ನೂ ಬಿಡದೆ ಸೀದಾ ಸೊಂಟದವರೆಗೆ ನೀರಿಗೆ ನಡೆದುಹೋದಳು, ಮತ್ತು ಒಂದು ಚಪ್ಪಲಿ ತೇಲಿ ಬಂತು. ಅದನ್ನು ಹಿಡಿದು ತಂದವಳು ನಾನು. ಆದರೆ ಚಪ್ಪಲಿ ನಾನು ಕಥೆ ಹೇಳುವಾಗ ಸೇರಿಸಿದ್ದೂ ಇರಬಹುದು.

ನಾವೆಲ್ಲ ಎಳ್ಳು ಹಚ್ಚಿಕೊಂಡು ಮಿಂದೆವು. ಗುಡಿಯ ಪಕ್ಕದ ಕಲ್ಲು ಮಂಟಪದಲ್ಲಿ ಜಮಖಾನೆ ಹಾಸಿದೆವು. ಅಷ್ಟರಲ್ಲಿ ಲಿಂಗಸುಗೂರಿನವರ ಟ್ರ್ಯಾಕ್ಸ್ ಗಾಡಿ ಬಂತು. ಇಳಕಲ್ ಸೀರೆಯ ಬೀಗತಿ ಇಳಿದರು, ಹಿಂದೆ ಅವರ ಮನೆಯ ಹೆಂಗಸರು. ಅವ್ವ ಅವತ್ತು ನಕ್ಕಷ್ಟು ಯಾವತ್ತೂ ನಕ್ಕಿರಲಿಲ್ಲ. ಆ ಮನೆಯವರು ಇನ್ನೊಂದು ಹೆಣ್ಣನ್ನೂ ನೋಡಿ ಬಂದಿದ್ದಾರೆ ಎಂಬ ಸುದ್ದಿ ಇತ್ತು. ಇವತ್ತು ಉಡಿ ತುಂಬಿದರೆ ಮಾತು ಗಟ್ಟಿಯಾದ ಹಾಗೆ; ತುಂಬದೆ ಎದ್ದರೆ ಮುಗಿದ ಹಾಗೆ.

ಬೀಗತಿ ಕುಸುರೆಳ್ಳು ಕೊಟ್ಟರು. "ಬಾಯವ್ವಾ ಗಿರಿಜಾ, ಉಡಿ ಹಿಡಿ," ಎಂದರು. ಅಕ್ಕ ಸೆರಗನ್ನು ಮಡಿಲಲ್ಲಿ ಹರಡಿ ಕೂತಳು. ಅಕ್ಕಿ ಬಿತ್ತು, ಅರಿಷಿಣದ ಕೊಂಬು ಬಿತ್ತು, ಉತ್ತತ್ತಿ, ಕುಬಸದ ಕಣ, ಮೇಲೊಂದು ತೆಂಗಿನಕಾಯಿ. ಇನ್ನು ಕುಂಕುಮ ಹಚ್ಚಿದರೆ ಆಯಿತು.

ದಿದ್ದೆಮ್ಮ ಇದನ್ನೆಲ್ಲ ಮಂಟಪದ ಮೆಟ್ಟಿಲಿನಲ್ಲಿ ನಿಂತು ನೋಡುತ್ತಿದ್ದಳಂತೆ. ಅವಳು ಯಾವಾಗ ದಂಡೆಗೆ ಹೋದಳೋ, ಹರಿಗೋಲಿನವನಿಗೆ ಪಿಠೆ ಕೊಟ್ಟು ಯಾವಾಗ ಮೀನು ಇಸಿದುಕೊಂಡಳೋ ನಮಗೆ ತಿಳಿಯಲಿಲ್ಲ. ಬಂದಾಗ ಅವಳ ಎರಡೂ ಕೈ ತುಂಬ ಒಂದು ದೊಡ್ಡ ಮೀನು ಇತ್ತು. ಅದರ ಹಣೆಗೆ ನಮ್ಮದೇ ಬಟ್ಟಲಿನ ಕುಂಕುಮ ಇಟ್ಟಿದ್ದಳು, ಮೈಗೆ ಅರಿಷಿಣ ಸವರಿದ್ದಳು. ಅವಳ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ಈ ಒಂದನ್ನು ಯಾರು ಏನೇ ಹೇಳಲಿ ನಾನು ಬಿಟ್ಟುಕೊಡುವುದಿಲ್ಲ. ಮದುವೆಯ ಮನೆಯಲ್ಲಿ ಹಿರಿಯಳ ಮುಖ ಹೇಗಿರುತ್ತದೋ ಹಾಗಿತ್ತು.

"ಗಿರಿಜಾ ಮಾ," ಎಂದು ಮೀನನ್ನು ಅಕ್ಕನ ಉಡಿಯಲ್ಲಿ, ತೆಂಗಿನಕಾಯಿಯ ಪಕ್ಕದಲ್ಲಿ ಇಟ್ಟಳು. "ತಿನ್ನಾಕ ಅಲ್ಲ ಇದು. ಉಡಿಗೆ. ನಮ್ಮ ಕಡೆ ಮದುವಿ ಹುಡುಗಿಗೆ ಮೊದಲು ಮೀನಾ ಬರಬೇಕು. ಮನಿ ತುಂಬ್ತೈತಿ."

ಮೀನಿಗೆ ಇನ್ನೂ ಜೀವವಿತ್ತು. ಬಾಲ ಎತ್ತಿ ಒಂದು ಏಟು ಕೊಟ್ಟಿತು. ಅಕ್ಕಿ ಬೀಗತಿಯ ಇಳಕಲ್ ಸೀರೆಯ ಮೇಲೆಲ್ಲ ಸಿಡಿಯಿತು, ತೆಂಗಿನಕಾಯಿ ಡಣ್ ಡಣ್ ಎಂದು ಮೆಟ್ಟಿಲಿಳಿದು ಹೋಯಿತು, ಮೂಲೆಯಲ್ಲಿದ್ದ ಮಂಗ ಅದನ್ನೆತ್ತಿಕೊಂಡು ಗುಡಿಯ ಮೇಲೆ ಏರಿತು.

ಇಲ್ಲಿ ನಗಬೇಕು. ನಮ್ಮ ಕಥೆ ಇಲ್ಲಿಗೆ ಮುಗಿಯುತ್ತದೆ. ಯಾರಾದರೂ ಮಕ್ಕಳು "ಆಮ್ಯಾಲೆ ಮೀನಾ?" ಎಂದು ಕೇಳಿದರೆ, ದಿದ್ದೆಮ್ಮ ಅದನ್ನು ಹೊಳೆಗೆ ಬಿಟ್ಟಳು, ಅದು ಹಣೆಯಲ್ಲಿ ಕುಂಕುಮ ಇಟ್ಟುಕೊಂಡೇ ಈಜಿಹೋಯಿತು ಎನ್ನುತ್ತೇನೆ. ಹಾಗೆ ಹೇಳಲು ಶುರುಮಾಡಿದವಳು ನಾನೇ. ಅದು ಈಜಿದ್ದನ್ನು ನಾನು ನೋಡಿಲ್ಲ. ಅವಳು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೀನನ್ನು ನೀರಿನಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದುದನ್ನು ನೋಡಿದ್ದೇನೆ, ತುಂಬ ಹೊತ್ತು.

ಬೀಗತಿ ಎದ್ದು ನಿಂತಿದ್ದರು. "ಶಿವ ಶಿವಾ! ಏನ್ರೀ ಇದು? ಯಾರ್ರೀ ಈಕಿ?"

ನಮ್ಮ ಕಡೆಯಿಂದ ಒಂದು ಉತ್ತರ ಹೋಯಿತು.

"ಈಕಿ ನಮ್ಮ ಮಂದಿ ಅಲ್ರೀ. ಕ್ಯಾಂಪಿನಾಕಿ. ಟ್ರ್ಯಾಕ್ಟರ್‌ದಾಗ ಜಾಗ ಇತ್ತಂತ ಹತ್ಯಾಳ."

ಮಾತು ಇಷ್ಟೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಯಾರು ಆಡಿದ್ದು ಎಂಬುದು ಮಾತ್ರ ತೀರ್ಮಾನವಾಗಿಲ್ಲ. ನಾನು ಬಹಳ ವರ್ಷ ಅದು ಅವ್ವನ ಮಾತೆಂದು ನಂಬಿದ್ದೆ. ಅವ್ವ ಕೊನೆಗಾಲದಲ್ಲಿ ಒಮ್ಮೆ, ನಾನೇ ಕರೆದವಳು ನಾನೇ ಹಾಗೆ ಅಂದೇನೇ, ನಿಮ್ಮಪ್ಪ ಅಂದದ್ದು ಎಂದಳು. ಅಪ್ಪ ಆ ಹೊತ್ತಿಗೆ ತಾನು ಮಂಗನ ಹಿಂದೆ ತೆಂಗಿನಕಾಯಿಗೆ ಹೋಗಿದ್ದೆ ಎನ್ನುತ್ತಾನೆ. ಅಪ್ಪನ ಪ್ರಕಾರ ಆಡಿದವಳು ಗಿರಿಜಾ. ಅವಳ ಮದುವೆ, ಅವಳ ಭಯ. ಅಕ್ಕ ನನ್ನನ್ನು ತೋರಿಸುತ್ತಾಳೆ. "ನೀನs ಅಂದಿದ್ದೆಲೇ. ಸಣ್ಣ ದನಿ ಇತ್ತು." ಇರಬಹುದೇ ಎಂದು ನಾನು ಆ ಮಾತನ್ನು ಬಾಯಲ್ಲಿ ಆಡಿ ನೋಡಿದ್ದೇನೆ. ಸಲೀಸಾಗಿ ಬರುತ್ತದೆ. ಆದರೆ ಅದು ನಮ್ಮ ಮನೆಯ ಯಾರ ಬಾಯಲ್ಲಾದರೂ ಅಷ್ಟೇ ಸಲೀಸಾಗಿ ಬರುತ್ತದೆ. ನನಗೆ ನಾಚಿಕೆ ತರುವುದು ಇದೇ.

ಸಂಜೆ ಅದೇ ಟ್ರ್ಯಾಕ್ಟರಿನಲ್ಲಿ ಹಿಂದಿರುಗಿದೆವು. ಬೇರೆ ದಾರಿ ಅವಳಿಗಿರಲಿಲ್ಲ. ನಾವೆಲ್ಲ ಮುಂದುಗಡೆ ಒತ್ತಿಕೊಂಡು ಕೂತರೆ ದಿದ್ದೆಮ್ಮ ಟ್ರೇಲರಿನ ಹಿಂಬದಿಯ ಹಲಗೆಗೆ ಒರಗಿ, ಹಿಂದೆ ಸರಿಯುವ ರಸ್ತೆಯನ್ನು ನೋಡುತ್ತಾ ಕೂತಳು. ಮಂಟಪದಲ್ಲೇ ಉಳಿದ ಅವಳ ಪಿಠೆಯ ಡಬ್ಬಿಯನ್ನು ಮಂಗಗಳು ಖಾಲಿ ಮಾಡಿದ್ದವು. ಗಂಗಾವತಿ ದಾಟಿದ ಮೇಲೆ ಚಳಿಗಾಳಿ ಶುರುವಾಯಿತು. ನಾನು ಅವಳ ಕಡೆ ಸರಿಯಬೇಕೆಂದುಕೊಂಡೆ. ಅವ್ವ ನನ್ನನ್ನು ಹಿಡಿದಿದ್ದಳೋ, ನಾನೇ ಅವ್ವನನ್ನು ಹಿಡಿದಿದ್ದೆನೋ, ಅಂತೂ ಸರಿಯಲಿಲ್ಲ. ಕ್ಯಾಂಪಿನ ಅಡ್ಡರಸ್ತೆಯಲ್ಲಿ ಅವಳು ಇಳಿದಳು. ಅಪ್ಪ ಎಂಜಿನ್ ಆರಿಸಲಿಲ್ಲ.

ಅವಳು ಮತ್ತೆ ಕೌದಿಗೆ ಬರಲಿಲ್ಲ. ಅವ್ವ ಹತ್ತಾರು ದಿನ ಮೂಲೆಯನ್ನು ಹಾಗೇ ಬಿಟ್ಟಳು. "ಸಾವೀ, ಕ್ಯಾಂಪಿಗೆ ಹೋಗಿ ಬರೋಣೇನ?" ಎಂದು ಒಮ್ಮೆ ನನ್ನನ್ನು ಕೇಳಿದಳು, ನಾನು ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ಮನಸ್ಸು ಬದಲಾಗಿತ್ತು. ಕೊನೆಗೆ ಒಬ್ಬಳೇ ರೊಟ್ಟಿಯ ಚೂರಿಟ್ಟು, ಬೇಲಿ ಗೂಟದಂಥ ತನ್ನ ಹೊಲಿಗೆ ಹಾಕಿ ಮುಚ್ಚಿದಳು. ಭತ್ತದ ಕಾಳು ಇಟ್ಟಳೋ ಇಲ್ಲವೋ ನಾನು ಕೇಳಲಿಲ್ಲ. ಮದುವೆ ಆಯಿತು. ಕ್ಯಾಂಪಿಗೆ ಕಾರ್ಡು ಹೋಯಿತು. ಮಗ ಬಂದು ಉಂಡು ಹೋದ.

ಈಗ ಆ ಕಡೆ ಕೌದಿ ಹೊಲಿಯುವವರು ಕಾಣುವುದಿಲ್ಲ, ಸಿಂಧನೂರಿನ ಸಂತೆಯಲ್ಲಿ ಹುಲಿಯ ಚಿತ್ರದ ರಗ್ಗು ಸಿಗುತ್ತದೆ. ಆನೆಗುಂದಿಯ ಅರಮನೆಗೆ ಸುಣ್ಣ ಬಳಿದಿದ್ದಾರೆ, ಹರಿಗೋಲಿನಲ್ಲಿ ಫೋಟೋ ತೆಗೆಸಿಕೊಳ್ಳುವವರ ಸರದಿ ಇರುತ್ತದೆ. ಅಕ್ಕನ ಮಗ ಮಸ್ಕಿ ರಸ್ತೆಯ ಧಾಬಾದಲ್ಲಿ ಹುರಿದ ಮೀನು ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಮನೆಗೆ ಬರುತ್ತಾನೆ. ಅವನ ಅಜ್ಜಿಗೂ, ಅದೇ ಬೀಗತಿಗೂ, ಗೊತ್ತು, ಏನೂ ಅನ್ನುವುದಿಲ್ಲ. ಇದನ್ನು ಕಂಡು ಖುಷಿ ಪಡಬೇಕೆಂದು ನನಗೂ ಅನಿಸುತ್ತದೆ. ಆದರೆ ಬೂದಿಯಲ್ಲಿ ಕೈ ತಿಕ್ಕಿಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದವಳಿಗೆ ಇದರಿಂದ ಏನೂ ಬಂದಂತಾಗಲಿಲ್ಲ. ಅವಳು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಎಷ್ಟೋ ದಿನಗಳ ಮೇಲೆ, ಭತ್ತದ ಮಷೀನಿನವನ ಬಾಯಲ್ಲಿ, ಬೇರೇನೋ ಮಾತಿನ ನಡುವೆ.

ಮೊನ್ನೆ ಅಕ್ಕನ ಮಗಳಿಗೆ ಉಡಿ ತುಂಬಿದರು, ಲಿಂಗಸುಗೂರಿನ ಫಂಕ್ಷನ್ ಹಾಲಿನಲ್ಲಿ. ಊಟದ ಮೇಲೆ ಯಾರೋ ಕಥೆ ಹೇಳೆಂದರು. ಹೇಳಿದೆ. ಬಾಲ ಬಡಿಯಿತು, ತೆಂಗಿನಕಾಯಿ ಉರುಳಿತು. ಕುರ್ಚಿಯಲ್ಲಿ ಕೂತಿದ್ದ ಹಳೆಯ ಬೀಗತಿಯೇ ಎಲ್ಲರಿಗಿಂತ ಹೆಚ್ಚು ನಕ್ಕರು. "ನನ್ನ ಇಳಕಲ್ ಸೀರಿ ತುಂಬ ಅಕ್ಕಿ ನೋಡ್ರವಾ!" ಕೈ ತೊಳೆಯುವಲ್ಲಿ ಅಕ್ಕ ನನ್ನ ಪಕ್ಕಕ್ಕೆ ಬಂದು, ಪ್ರತಿ ಸಲ ಹೇಳುವುದನ್ನೇ ಹೇಳಿದಳು.

"ದಿದ್ದೆಮ್ಮಗ ಆ ಮಾತು ತಿಳಿದಿರಲಿಕ್ಕಿಲ್ಲ ಬಿಡು ಸಾವಿ. ಕನ್ನಡ ಅಷ್ಟು ಬರ್ತಿರಲಿಲ್ಲಲ್ಲ ಆಕೀಗೆ."

"ಹೌದು," ಎಂದೆ. ಪ್ರತಿ ಸಲವೂ ಹಾಗೇ ಅನ್ನುತ್ತೇನೆ.

ಆದರೆ ಅವತ್ತು ಮಂಟಪದಲ್ಲಿ, ನಮ್ಮ ಕಡೆಯ ಉತ್ತರ ಬೀಗತಿಗೆ ಸಾಕಾಗಿರಲಿಲ್ಲ. ಅವರು ದಿದ್ದೆಮ್ಮನ ಕಡೆಗೇ ತಿರುಗಿ ಕೇಳಿದ್ದರು: "ಹೌದೇನಬೇ ಮುದುಕಿ? ಇವರಿಗೆ ನೀ ಏನಾಗಬೇಕು?"

ದಿದ್ದೆಮ್ಮ ಬಗ್ಗಿ ಅಕ್ಕನ ಉಡಿಯಿಂದ ಮೀನನ್ನು ಸೆರಗಿಗೆ ತೆಗೆದುಕೊಂಡಳು. ಅಕ್ಕನ ಮುಖ ನೋಡಿದಳು. ಆಮೇಲೆ ಬೀಗತಿಗೆ ಹೇಳಿದಳು.

"ಏನೂ ಆಗಬೇಕಿಲ್ಲರೀ. ಟ್ರ್ಯಾಕ್ಟರ್‌ದಾಗ ಜಾಗ ಇತ್ತು, ಹತ್ತೀನಿ. ಹುಡುಗಿದು ಏನೂ ತಪ್ಪಿಲ್ಲ, ನೀವು ಕೂಡ್ರಿ."

ಬೀಗತಿ ಕೂತರು. ಅಕ್ಕ ಎದ್ದು ಸೆರಗು ಝಾಡಿಸಿ ಬಂದಳು. ಮತ್ತೆ ಉಡಿ ತುಂಬಬೇಕು, ಅವರು ತಂದ ಅಕ್ಕಿಯೆಲ್ಲ ಚೆಲ್ಲಿಹೋಗಿತ್ತು. ಅವ್ವ ಬುತ್ತಿಯ ಚೀಲದಲ್ಲಿ ಕೈಹಾಕಿ, ಹೊಳೆಗೆಂದು ಇಟ್ಟಿದ್ದ ದಿದ್ದೆಮ್ಮನ ಹೊಸ ಅಕ್ಕಿಯ ಗಂಟು ತೆಗೆದು, ಬಿಚ್ಚಿ, ಬೀಗತಿಯ ಕೈಗೆ ಕೊಟ್ಟಳು.